ಪ್ರಚಾರದ ದಿನಗಳಲ್ಲಿ ಏನನ್ನು ಎತ್ತಿಟ್ಟುಕೊಳ್ಳಬೇಕು?

ಓದುಗರ ಪ್ರಶ್ನೋತ್ತರ

ಚುನಾವಣಾ ಕಾಲದ ರಾಜಕೀಯ ಸಂವಹನವನ್ನು ಅಧ್ಯಯನ ಮಾಡುತ್ತಿರುವ ವಿದ್ಯಾರ್ಥಿಗಳಿಂದಲೂ ಅವರ ಮನೆಯವರಿಂದಲೂ ಬಂದ ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ. ಉದಾಹರಣೆಗಳು ಹೆಚ್ಚಾಗಿ 2023ರ ವಿಧಾನಸಭಾ ಚುನಾವಣೆಯವು. ಅದರ ದಾಖಲೆಗಳು ಇನ್ನೂ ಕೈಗೆ ಸಿಗುತ್ತವೆ, ಬೇಕಾದವರು ಹೋಲಿಸಿ ನೋಡಬಹುದು.

ಎಂ.ಎ. ಪತ್ರಿಕೋದ್ಯಮದ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ‘ಚುನಾವಣೆ ಮತ್ತು ಮಾಧ್ಯಮ’ ಎಂಬ ವಿಷಯ ತೆಗೆದುಕೊಂಡಿದ್ದೇನೆ. ನೀತಿ ಸಂಹಿತೆ ಜಾರಿಯಾದ ದಿನದಿಂದ ಮಾಹಿತಿ ಕೂಡಿಸಿದರೆ ಸಾಕೇ?
— ವಿದ್ಯಾರ್ಥಿನಿ, ಧಾರವಾಡ

ಸಾಲದು. 2023ರಲ್ಲಿ ಆಯೋಗ ವೇಳಾಪಟ್ಟಿ ಪ್ರಕಟಿಸಿದ್ದು ಮಾರ್ಚ್ 29ರಂದು, ನೀತಿ ಸಂಹಿತೆಯೂ ಅಂದೇ ಜಾರಿಗೆ ಬಂತು. ಆ ಚುನಾವಣೆಯಲ್ಲಿ ಮನೆಮನೆಯ ಮಾತಾಗಿದ್ದ ಕಾಂಗ್ರೆಸ್ಸಿನ ಐದು ಗ್ಯಾರಂಟಿಗಳಲ್ಲಿ ನಾಲ್ಕು ಅಷ್ಟರೊಳಗೆ ಹೊರಬಿದ್ದಾಗಿತ್ತು. 200 ಯೂನಿಟ್ ವಿದ್ಯುತ್ತಿನ ಗೃಹಜ್ಯೋತಿ ಜನವರಿ 11ರಂದು ಬೆಳಗಾವಿ ಜಿಲ್ಲೆಯಲ್ಲಿ, ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಜನವರಿ 16ರಂದು ಬೆಂಗಳೂರಿನ ಮಹಿಳಾ ಸಮಾವೇಶದಲ್ಲಿ, 10 ಕೆ.ಜಿ. ಅಕ್ಕಿಯ ಭರವಸೆ ಫೆಬ್ರವರಿಯಲ್ಲಿ, ನಿರುದ್ಯೋಗಿ ಪದವೀಧರರ ಭತ್ಯೆಯ ಯುವನಿಧಿ ಮಾರ್ಚ್ 20ರಂದು ಬೆಳಗಾವಿಯಲ್ಲಿ. ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಮಾತ್ರ ಏಪ್ರಿಲ್ 27ರಂದು ಮಂಗಳೂರಿನಲ್ಲಿ ಘೋಷಣೆಯಾಯಿತು. ಒಂದೇ ದಿನ ಐದನ್ನೂ ಹೇಳಿದ್ದರೆ ಒಂದು ದಿನದ ಮುಖಪುಟದ ಸುದ್ದಿ. ಬಿಡಿಬಿಡಿಯಾಗಿ ಹೇಳಿದ್ದರಿಂದ ಐದು ದಿನಗಳ ಸುದ್ದಿ. ನೀವು ಮಾರ್ಚ್ 29ರಿಂದ ಕತ್ತರಿ ಹಿಡಿದು ಕೂತಿದ್ದರೆ ಈ ತಂತ್ರವೇ ಕಣ್ತಪ್ಪಿ ಹೋಗುತ್ತಿತ್ತು.

ಉಳಿದ ಪಕ್ಷಗಳದ್ದೂ ಹಾಗೆಯೇ. ಜೆಡಿಎಸ್‌ನ ಪಂಚರತ್ನ ಯಾತ್ರೆ 2022ರ ನವೆಂಬರ್‌ನಲ್ಲೇ ಮುಳಬಾಗಿಲಿನಿಂದ ಹೊರಟಿತ್ತು. ಅಧಿಕಾರದಲ್ಲಿದ್ದ ಬಿಜೆಪಿ ಮೀಸಲಾತಿ ಮರುಹಂಚಿಕೆಯ ತೀರ್ಮಾನ ಪ್ರಕಟಿಸಿದ್ದು ಮಾರ್ಚ್ 24ರಂದು, ವೇಳಾಪಟ್ಟಿಗೆ ಐದು ದಿನ ಮುಂಚೆ. ಆಡಳಿತ ಪಕ್ಷಕ್ಕೆ ಸಂಪುಟದ ನಿರ್ಧಾರವೂ ಪ್ರಚಾರದ ಸಂದೇಶವೇ. ಆಗಿನ ಮುಖ್ಯಮಂತ್ರಿಯ ವಿರುದ್ಧ ಕಾಂಗ್ರೆಸ್ ಅಂಟಿಸಿದ, ಕ್ಯೂಆರ್ ಕೋಡ್ ಇದ್ದ ‘ಪೇಸಿಎಂ’ ಪೋಸ್ಟರ್‌ಗಳು ಬೆಂಗಳೂರಿನ ಗೋಡೆಗಳ ಮೇಲೆ ಕಾಣಿಸಿಕೊಂಡದ್ದು 2022ರ ಸೆಪ್ಟೆಂಬರ್‌ನಲ್ಲಿ.

ಹಾಗಾಗಿ ಕೆಲಸವನ್ನು ಮೂರು ಹಂತ ಮಾಡಿಕೊಳ್ಳಿ. ವೇಳಾಪಟ್ಟಿಗೆ ಮುಂಚಿನ ಆರು ತಿಂಗಳಿಗೆ ಒಂದು ದಿನಚರಿ ಪಟ್ಟಿ ಸಾಕು: ದಿನಾಂಕ, ಊರು, ಯಾರು, ಏನು ಹೇಳಿದರು. ವೇಳಾಪಟ್ಟಿಯಿಂದ ಮತದಾನದವರೆಗೆ ಪೂರ್ತಿ ಸಂಗ್ರಹ. ಫಲಿತಾಂಶದ ನಂತರ 30 ದಿನ ಕಾಯಿರಿ, ಅಭ್ಯರ್ಥಿಗಳು ವೆಚ್ಚದ ಲೆಕ್ಕ ಒಪ್ಪಿಸಲು ಅಷ್ಟು ಅವಧಿ ಇದೆ. ಇನ್ನು ವಿಷಯದ ಮಾತು. ‘ಚುನಾವಣೆ ಮತ್ತು ಮಾಧ್ಯಮ’ ಒಬ್ಬರ ಕೈಗೆ ಎಟುಕುವಂಥದ್ದಲ್ಲ. ಒಂದು ಕ್ಷೇತ್ರ, ಒಂದು ಮಾಧ್ಯಮ, ಒಂದು ಪ್ರಶ್ನೆ: ಅಷ್ಟಕ್ಕೆ ಇಳಿಸಿಕೊಳ್ಳಿ.

ಮೂರು ಪತ್ರಿಕೆಗಳ ಚುನಾವಣಾ ಸುದ್ದಿಗಳನ್ನು ನಾನೂ ಗೆಳೆಯನೂ ವಿಂಗಡಿಸಿದೆವು. ಇಬ್ಬರ ಗುರುತು 100ಕ್ಕೆ 80ರಷ್ಟು ಹೊಂದಿದೆ. ಆದರೂ ಮಾರ್ಗದರ್ಶಕರು ‘ಸಾಲದು’ ಎನ್ನುತ್ತಾರೆ. ಯಾಕೆ? ಎಷ್ಟು ಸಂಚಿಕೆ ನೋಡಬೇಕು?
— ವಿದ್ಯಾರ್ಥಿ, ತುಮಕೂರು

ನಿಮ್ಮ ಮಾರ್ಗದರ್ಶಕರು ಹೇಳುವುದು ಸರಿ. ಕಣ್ಣುಮುಚ್ಚಿ ಗುರುತು ಹಾಕಿದರೂ ಒಂದಷ್ಟು ಹೊಂದಿಕೆ ಬಂದೇ ಬರುತ್ತದೆ, ಅದನ್ನು ಕಳೆಯಬೇಕು. 50 ಸುದ್ದಿಗಳಿವೆ, ‘ಟೀಕೆ ಇದೆ’ ಅಥವಾ ‘ಇಲ್ಲ’ ಎಂಬ ಎರಡೇ ಗುರುತು ಎಂದಿಟ್ಟುಕೊಳ್ಳಿ. ಇಬ್ಬರೂ ತಲಾ 35 ಸುದ್ದಿಗಳಿಗೆ ‘ಇದೆ’ ಎಂದಿದ್ದೀರಿ, 40 ಸುದ್ದಿಗಳಲ್ಲಿ ಒಮ್ಮತ. ಅದೃಷ್ಟದಿಂದಲೇ ಬರಬಹುದಾದ ಹೊಂದಿಕೆ 0.7 × 0.7 ಮತ್ತು 0.3 × 0.3 ಎರಡನ್ನೂ ಕೂಡಿದರೆ 0.58. ನಿಮ್ಮ 0.80ರಿಂದ ಅದನ್ನು ಕಳೆದರೆ 0.22. ಅದನ್ನು 1ರಿಂದ 0.58 ಕಳೆದು ಉಳಿದ 0.42ರಿಂದ ಭಾಗಿಸಿ. ಬರುವುದು 0.52. ಇದೇ ಕೊಹೆನ್ ಅವರ ಕಪ್ಪಾ. ಸಾಮಾನ್ಯವಾಗಿ 0.80 ಇದ್ದರೆ ನೆಮ್ಮದಿ, 0.67ಕ್ಕಿಂತ ಕೆಳಗಾದರೆ ನಿಮ್ಮ ಹಾಳೆಯ ಆ ಅಂಕಣವನ್ನು ಪ್ರಬಂಧದಲ್ಲಿ ಬಳಸಬೇಡಿ.

ಭಿನ್ನಾಭಿಪ್ರಾಯ ಎಲ್ಲಿ ಹುಟ್ಟುತ್ತದೆ? ಹೆಚ್ಚಿನ ಸಲ ‘ಧೋರಣೆ’ ಎಂಬ ಅಂಕಣದಲ್ಲಿ. ಒಂದು ಪಕ್ಷದ ನಾಯಕ ಇನ್ನೊಂದು ಪಕ್ಷವನ್ನು ಬೈದ ಸುದ್ದಿ ಯಾರಿಗೆ ಅನುಕೂಲ, ಯಾರಿಗೆ ಪ್ರತಿಕೂಲ? ಒಬ್ಬರು ಬೈದವರ ಕಡೆಯಿಂದ ನೋಡುತ್ತಾರೆ, ಇನ್ನೊಬ್ಬರು ಬೈಸಿಕೊಂಡವರ ಕಡೆಯಿಂದ. ಸುದ್ದಿಯಲ್ಲಿ ಎಷ್ಟು ಪಕ್ಷಗಳಿವೆಯೋ ಅಷ್ಟು ಸಾಲು ಮಾಡಿ, ಪ್ರತಿ ಪಕ್ಷಕ್ಕೂ ಬೇರೆ ಗುರುತು ಹಾಕಿ. ಪತ್ರಿಕೆಯ ಸ್ವಂತ ಮಾತು ಮತ್ತು ಉದ್ಧರಣೆ ಬೇರೆಬೇರೆ ಅಂಕಣದಲ್ಲಿರಲಿ. ನಿಯಮ ತಿದ್ದಿದ ಮೇಲೆ ಹಳೆಯ ಹಾಳೆಯನ್ನೇ ತೇಪೆ ಹಾಕಬೇಡಿ, ಹೊಸ 50 ಸುದ್ದಿಗಳ ಮೇಲೆ ಮತ್ತೆ ಪರೀಕ್ಷಿಸಿ.

ಸಂಚಿಕೆಗಳ ಲೆಕ್ಕಕ್ಕೆ ಬಂದರೆ, 2023ರ ಮಾರ್ಚ್ 30ರಿಂದ ಮೇ 10ರವರೆಗೆ 42 ದಿನ, ಅಂದರೆ ಸರಿಯಾಗಿ ಆರು ವಾರ. ಆರು ಸೋಮವಾರಗಳಲ್ಲಿ ಚೀಟಿ ಎತ್ತಿ ಎರಡು, ಆರು ಮಂಗಳವಾರಗಳಲ್ಲಿ ಎರಡು, ಹೀಗೆ ಎತ್ತುತ್ತ ಹೋದರೆ ಪತ್ರಿಕೆಗೆ 14 ಸಂಚಿಕೆ. ಇದನ್ನು ‘ರಚಿತ ವಾರ’ ಎನ್ನುತ್ತಾರೆ. ಭಾನುವಾರದ ಪುರವಣಿ, ಸೋಮವಾರದ ತೆಳು ಸಂಚಿಕೆ ಎಲ್ಲಕ್ಕೂ ಸಮಪಾಲು ಸಿಗುತ್ತದೆ. ಆದರೆ ಪ್ರಚಾರ ಕೊನೆಯ ವಾರದಲ್ಲಿ ಭೋರ್ಗರೆಯುತ್ತದೆ. ಆದ್ದರಿಂದ ಕೊನೆಯ ಏಳು ದಿನಗಳ ಸಂಚಿಕೆಗಳನ್ನು ಪೂರ್ತಿ ನೋಡಿ, ಅವುಗಳ ಲೆಕ್ಕ ಬೇರೆ ಕೊಡಿ. ಮೂರೂ ಪತ್ರಿಕೆಗಳದ್ದು ಒಂದೇ ಜಿಲ್ಲೆಯ ಆವೃತ್ತಿ ಇರಲಿ. ಒಂದರದ್ದು ಬೆಂಗಳೂರು, ಇನ್ನೊಂದರದ್ದು ತುಮಕೂರು ಆವೃತ್ತಿ ಆದರೆ ಹೋಲಿಕೆ ಕೆಟ್ಟಂತೆಯೇ. ಇ-ಪೇಪರ್‌ನ ಹಳೆಯ ಪುಟಗಳು ಎಷ್ಟು ದಿನ ಸಿಗುತ್ತವೆಂಬ ಭರವಸೆ ಇಲ್ಲ, ಅಂದಂದಿನದು ಅಂದೇ ಇಳಿಸಿಕೊಳ್ಳಿ.

ಪೋಸ್ಟರ್, ಫೇಸ್‌ಬುಕ್ ಜಾಹೀರಾತುಗಳಿಗೆ ದುಡ್ಡು ಕೊಟ್ಟವರು ಯಾರೆಂದು ವಿದ್ಯಾರ್ಥಿಯೊಬ್ಬ ಪತ್ತೆ ಮಾಡಲು ಸಾಧ್ಯವೇ?
— ರಾಜ್ಯಶಾಸ್ತ್ರ ಉಪನ್ಯಾಸಕರು, ಕಲಬುರಗಿ

ಬಹಳಷ್ಟು ಸಾಧ್ಯ. ಕರಪತ್ರದ ಅಡಿಯಿಂದ ಶುರು ಮಾಡಿ. 1951ರ ಜನಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಚುನಾವಣಾ ಕರಪತ್ರ, ಪೋಸ್ಟರ್‌ಗಳ ಮೇಲೆ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪ್ರಕಾಶಕರ ಘೋಷಣಾಪತ್ರದ ಜತೆ ಒಂದು ಪ್ರತಿಯನ್ನು ಮುದ್ರಕರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು, ರಾಜಧಾನಿಯಲ್ಲಾದರೆ ಮುಖ್ಯ ಚುನಾವಣಾಧಿಕಾರಿಗೆ. ಫೋಟೊ ತೆಗೆಯುವಾಗ ವಿದ್ಯಾರ್ಥಿಗಳು ನಾಯಕರ ಮುಖ ಹಿಡಿದು ಈ ಕೆಳಸಾಲನ್ನೇ ಕತ್ತರಿಸಿಬಿಡುತ್ತಾರೆ. ಅದರಿಂದ ಆಗುವ ನಷ್ಟ ದೊಡ್ಡದು. ಪೂರ್ತಿ ಹಾಳೆಯದೊಂದು, ಅಡಿಸಾಲಿನದೊಂದು ಎಂದು ಎರಡು ಫೋಟೊ ತೆಗೆಯಲು ಹೇಳಿ.

ಟಿ.ವಿ. ಮತ್ತು ಕೇಬಲ್ ಜಾಹೀರಾತಿಗೆ ಪೂರ್ವ ಪ್ರಮಾಣೀಕರಣ ಬೇಕು. 2004ರ ಸುಪ್ರೀಂ ಕೋರ್ಟ್ ಆದೇಶದಿಂದ ಬಂದ ನಿಯಮ ಇದು. ಸಾಮಾಜಿಕ ಜಾಲತಾಣದ ಜಾಹೀರಾತುಗಳನ್ನು ಆಯೋಗ 2013ರಲ್ಲಿ ಇದರ ವ್ಯಾಪ್ತಿಗೆ ತಂದಿತು. ಪ್ರಮಾಣಪತ್ರ ಕೊಡುವುದು ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ, ಅಧಿಕಾರಿಗಳ ಬಾಯಲ್ಲಿ ‘ಎಂಸಿಎಂಸಿ’. ಜಿಲ್ಲಾಧಿಕಾರಿ ಕಚೇರಿಯಲ್ಲಿ ಅದರ ಕೊಠಡಿ ಇರುತ್ತದೆ. ವಿಭಾಗದ ಪತ್ರ ಹಿಡಿದು ಹೋಗಿ ಕೇಳಲಿ.

ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ ಮೆಟಾ ಕಂಪನಿಯ ‘ಆ್ಯಡ್ ಲೈಬ್ರರಿ’ ಇದೆ. ಭಾರತವನ್ನು ಆರಿಸಿ, ಚುನಾವಣೆ ಮತ್ತು ರಾಜಕೀಯದ ವರ್ಗಕ್ಕೆ ಹೋಗಿ, ಪದವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೇರೆಬೇರೆಯಾಗಿ ಹುಡುಕಬೇಕು. ಪ್ರತಿ ಜಾಹೀರಾತಿಗೂ ದುಡ್ಡು ಕೊಟ್ಟವರ ಘೋಷಣೆ, ಖರ್ಚು, ಯಾವ ರಾಜ್ಯದಲ್ಲಿ, ಯಾವ ವಯಸ್ಸಿನವರಿಗೆ ಕಂಡಿತು ಎಂಬ ವಿವರ ಸಿಗುತ್ತದೆ. ಇಲ್ಲಿ ಎಡವುವ ಜಾಗವೊಂದಿದೆ. ಖರ್ಚನ್ನು ‘ಇಷ್ಟರಿಂದ ಇಷ್ಟು’ ಎಂಬ ಅಂತರವಾಗಿ ಕೊಡುತ್ತಾರೆ. ನಡುವಿನ ಸಂಖ್ಯೆ ಹಿಡಿದು ಕೂಡಿದರೆ ನೂರಾರು ಸಣ್ಣ ಜಾಹೀರಾತುಗಳಲ್ಲಿ ತಪ್ಪು ಬೆಟ್ಟವಾಗುತ್ತದೆ. ಕನಿಷ್ಠಗಳ ಮೊತ್ತ, ಗರಿಷ್ಠಗಳ ಮೊತ್ತ ಎರಡನ್ನೂ ಬರೆಯಿರಿ. ಪಕ್ಷದ ಹೆಸರಿಲ್ಲದ ಪುಟಗಳೂ ಪಕ್ಷದ ಮಾತಾಡುತ್ತವೆ. ಅವನ್ನು ಪ್ರತ್ಯೇಕ ಪಟ್ಟಿಯಲ್ಲಿಡಿ, ಸಾಕ್ಷ್ಯವಿಲ್ಲದೆ ಯಾವ ಪಕ್ಷದ ಖಾತೆಗೂ ಸೇರಿಸಬೇಡಿ. ಯೂಟ್ಯೂಬಿಗೆ ಗೂಗಲ್‌ನ ಪಾರದರ್ಶಕತಾ ಕೇಂದ್ರ ನೋಡಿ.

ಪತ್ರಿಕೆಗಳಲ್ಲಿ ಇನ್ನೊಂದು ನಿಧಿ ಇದೆ, ಯಾರೂ ಮುಟ್ಟುವುದಿಲ್ಲ. ಕ್ರಿಮಿನಲ್ ಪ್ರಕರಣ ಇರುವ ಅಭ್ಯರ್ಥಿಗಳು ಅದನ್ನು ಪತ್ರಿಕೆ, ಟಿ.ವಿ.ಗಳಲ್ಲಿ ಮೂರು ಸಲ ಪ್ರಕಟಿಸಬೇಕು. ಅಕ್ಷರ ಕನಿಷ್ಠ 12 ಪಾಯಿಂಟ್ ಅಳತೆಯದಿರಬೇಕು. ಯಾವ ಪತ್ರಿಕೆ, ಎಷ್ಟನೇ ಪುಟ, ಯಾವ ದಿನ, ಎಷ್ಟು ಚದರ ಸೆಂಟಿಮೀಟರ್? ಅದೇ ಅಭ್ಯರ್ಥಿಯ ಪ್ರಚಾರ ಜಾಹೀರಾತಿನ ಪಕ್ಕದಲ್ಲಿ ಈ ಅಳತೆ ಇಟ್ಟರೆ ಒಂದು ಒಳ್ಳೆಯ ಪ್ರಬಂಧ ಅಲ್ಲೇ ಸಿದ್ಧ.

ವಾಟ್ಸ್‌ಆ್ಯಪ್ ಗುಂಪುಗಳ ಸಂದೇಶಗಳನ್ನು ಬಳಸಬಹುದೇ?
— ವಿದ್ಯಾರ್ಥಿನಿ, ಮಂಗಳೂರು

ಗುಂಪಿನವರಿಗೆ ನೀವು ಯಾರು, ಏಕೆ ಇದ್ದೀರಿ ಎಂದು ತಿಳಿಸಿ, ಒಪ್ಪಿಗೆ ಪಡೆದ ಮೇಲೆ ಮಾತ್ರ. ಕದ್ದು ಸೇರಿ ಕೂಡಿಸಿದ್ದು ಬೇಡ. ಹೆಸರು, ನಂಬರ್, ಪ್ರೊಫೈಲ್ ಚಿತ್ರಗಳನ್ನು ಅಳಿಸಿದ ಮೇಲೆಯೇ ಕಡತ ಉಳಿಸಿ. ಗುಂಪಿನ ಒಳಗಿನ ಹರಟೆಗಿಂತ ಹೊರಗಿನಿಂದ ಬಂದ ಫಾರ್ವರ್ಡ್‌ಗಳು ನಿಮ್ಮ ಕೆಲಸಕ್ಕೆ ಹೆಚ್ಚು ಮುಖ್ಯ. ಎರಡು ಬಾಣದ ಗುರುತು ಇದ್ದರೆ ಅದು ಹಲವು ಸಲ ಕೈ ಬದಲಿಸಿದ ಸಂದೇಶ, ಅಂಥದ್ದನ್ನು ಒಮ್ಮೆಗೆ ಒಂದು ಚಾಟ್‌ಗಷ್ಟೇ ಕಳಿಸಲು ಬರುತ್ತದೆ. ಅದಕ್ಕೊಂದು ಅಂಕಣ ಇಡಿ. ನಾಲ್ಕು ಗುಂಪು ನೋಡಿ ‘ಜಿಲ್ಲೆಯ ಜನ’ ಎಂದು ಬರೆಯಬೇಡಿ.

ಮಗಳು ಬಿ.ಎ. ಓದುತ್ತಿದ್ದಾಳೆ. ಪ್ರಾಜೆಕ್ಟ್ ಎಂದು ದಿನವಿಡೀ ನಾಯಕರ ಭಾಷಣ ಕೇಳುತ್ತಾಳೆ. ಇದರಿಂದ ಕಲಿಯುವುದೇನು?
— ಪೋಷಕರು, ಶಿವಮೊಗ್ಗ

ಕೇಳಿ ಬಿಡುವುದಾದರೆ ಹೆಚ್ಚೇನಿಲ್ಲ. ಬರೆದಿಳಿಸಿದರೆ ಬಹಳ ಇದೆ. ಒಂದು ಭಾಷಣದ ಪೂರ್ತಿ ವಿಡಿಯೊ ಹಿಡಿದು ಪದಪದವನ್ನೂ ಬರೆಯಲಿ. ಅರ್ಧ ಗಂಟೆಯ ಭಾಷಣಕ್ಕೆ ಮೂರು ಗಂಟೆಯಾದರೂ ಬೇಕು. ಆಮೇಲೆ ಪ್ರತಿ ವಾಕ್ಯದ ಮುಂದೆ ಒಂದು ಗುರುತು: ಭರವಸೆ, ಸಾಧನೆ, ಆರೋಪ, ಊರಿನ ಹೊಗಳಿಕೆ, ಮತಯಾಚನೆ. ಮರುದಿನದ ಪತ್ರಿಕೆಯಲ್ಲಿ, ರಾತ್ರಿಯ ಚಾನೆಲ್‌ನಲ್ಲಿ ಇವುಗಳಲ್ಲಿ ಯಾವುದು ಉಳಿಯಿತೆಂದು ನೋಡಲಿ. ನೀರಾವರಿಯ ಬಗ್ಗೆ ಹತ್ತು ನಿಮಿಷ ಆಡಿದ ಮಾತು ಒಂದು ಸಾಲಾಗಿ, ಎದುರಾಳಿಯ ಮೇಲಿನ ಒಂದು ವಾಕ್ಯ ತಲೆಬರಹವಾಗುವುದನ್ನು ಅವಳೇ ಅಳತೆ ಮಾಡಿ ತೋರಿಸಬಲ್ಲಳು.

ಕರ್ನಾಟಕದ ವಿದ್ಯಾರ್ಥಿಗೆ ಇನ್ನೊಂದು ಅವಕಾಶ ಇದೆ. ರಾಷ್ಟ್ರೀಯ ನಾಯಕರು ಹಿಂದಿಯಲ್ಲಿ ಮಾತಾಡುತ್ತಾರೆ, ಪಕ್ಕದಲ್ಲಿ ನಿಂತ ಸ್ಥಳೀಯ ಮುಖಂಡರೊಬ್ಬರು ಕನ್ನಡಕ್ಕೆ ತಿರುಗಿಸುತ್ತಾರೆ. ಎರಡನ್ನೂ ಎರಡು ಅಂಕಣಗಳಲ್ಲಿ ಬರೆದರೆ ಬಿಟ್ಟದ್ದು, ಸೇರಿಸಿದ್ದು, ಖಾರ ಹೆಚ್ಚಿಸಿದ್ದು ಎಲ್ಲವೂ ಕಾಣುತ್ತದೆ. ಸಭೆ ಚಪ್ಪಾಳೆ ತಟ್ಟಿದ್ದು ಯಾವ ಭಾಷೆಯ ವಾಕ್ಯಕ್ಕೆ ಎಂಬುದನ್ನೂ ಗುರುತಿಸಲಿ.

2023ರಲ್ಲಿ ಗ್ಯಾರಂಟಿ ಪ್ರಚಾರವೇ ಗೆಲ್ಲಿಸಿತು ಎಂದು ಬರೆದಿದ್ದೆ. ಪರೀಕ್ಷಕರು ಆ ವಾಕ್ಯ ಹೊಡೆದುಹಾಕಿದರು.
— ಸಂಶೋಧನಾರ್ಥಿ, ಮೈಸೂರು

ಆ ವಾಕ್ಯ ಹೋಗಲೇಬೇಕಿತ್ತು. ಕಾಂಗ್ರೆಸ್ 224ರಲ್ಲಿ 135 ಗೆದ್ದದ್ದು ನಿಜ. ಮರುವರ್ಷ, ಗ್ಯಾರಂಟಿಗಳು ಜಾರಿಯಲ್ಲಿದ್ದಾಗಲೇ ನಡೆದ ಲೋಕಸಭಾ ಚುನಾವಣೆಯಲ್ಲಿ ಅದಕ್ಕೆ ಸಿಕ್ಕಿದ್ದು 28ರಲ್ಲಿ 9. ಬಿಜೆಪಿಗೆ 17, ಜೆಡಿಎಸ್‌ಗೆ 2. ಎದುರಾಳಿಗಳು ಒಂದಾಗಿದ್ದರು, ಚುನಾವಣೆ ಕೇಂದ್ರ ಸರ್ಕಾರದ್ದಾಗಿತ್ತು. ಹಾಗಿದ್ದರೆ ಗೆಲುವನ್ನು ಸಂದೇಶವೊಂದರ ಲೆಕ್ಕಕ್ಕೆ ಬರೆಯುವುದು ಹೇಗೆ? 1999ರ ಲೋಕಸಭಾ ಚುನಾವಣೆಯಲ್ಲಿ ಬಳ್ಳಾರಿಯಲ್ಲಿ ಬಿಜೆಪಿ ಅಭ್ಯರ್ಥಿಯಾಗಿದ್ದ ಸುಷ್ಮಾ ಸ್ವರಾಜ್ ಕನ್ನಡ ಕಲಿತು ಸಭೆಗಳಲ್ಲಿ ಮಾತಾಡಿದರು, ಜನ ಮೆಚ್ಚಿದರು. ಆದರೂ ಸೋನಿಯಾ ಗಾಂಧಿ ಸುಮಾರು 56 ಸಾವಿರ ಮತಗಳಿಂದ ಗೆದ್ದರು.

ಪತ್ರಿಕೆ, ಜಾಹೀರಾತುಗಳನ್ನು ಎಷ್ಟು ಅಳೆದರೂ ಏನು ಹೇಳಿದರು ಎಂಬುದಷ್ಟೇ ತಿಳಿಯುತ್ತದೆ. ಕೇಳಿದವರಿಗೆ ಏನಾಯಿತು ಎನ್ನಲು ಮತದಾರರನ್ನೇ ಕೇಳಬೇಕು. ಮೆಕೋಂಬ್ಸ್ ಮತ್ತು ಶಾ ಎಂಬ ಸಂಶೋಧಕರು 1968ರಲ್ಲಿ ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ಮಾಡಿದ್ದು ಇದನ್ನೇ. ಇನ್ನೂ ತೀರ್ಮಾನಿಸದ 100 ಮತದಾರರು ಮುಖ್ಯವೆಂದ ವಿಷಯಗಳನ್ನು ಮಾಧ್ಯಮಗಳು ಮುಖ್ಯವಾಗಿಸಿದ ವಿಷಯಗಳ ಜತೆ ಹೋಲಿಸಿದರು. ಅವರೂ ಯಾವ ವಿಷಯ ಮುನ್ನೆಲೆಗೆ ಬಂತು ಎಂದರೇ ಹೊರತು ಯಾರಿಗೆ ಮತ ಬಿತ್ತು ಎನ್ನಲಿಲ್ಲ. ನಿಮ್ಮ ವಾಕ್ಯವನ್ನು ‘ಕೊನೆಯ ಏಳು ದಿನ ಈ ಮೂರು ಪತ್ರಿಕೆಗಳಲ್ಲಿ ಗ್ಯಾರಂಟಿಗೆ ಸಿಕ್ಕ ಜಾಗ ಇಷ್ಟು’ ಎಂದು ತಿದ್ದಿ. ಅದನ್ನು ಯಾರೂ ಹೊಡೆದುಹಾಕಲಾರರು.

ಮತದಾನದ ದಿನ ಮತಗಟ್ಟೆಯ ಹೊರಗೆ 100 ಜನರನ್ನು ಕೇಳುವ ಯೋಚನೆ ಇದೆ.
— ವಿದ್ಯಾರ್ಥಿ, ಹಾಸನ

ಬೇಡ. ಯಾರಿಗೆ ಮತ ಹಾಕಿದಿರಿ ಎಂದು ಕೇಳಿ ಫಲಿತಾಂಶ ಹಂಚಿದರೆ ಅದು ಮತಗಟ್ಟೆ ಸಮೀಕ್ಷೆ. ಆಯೋಗ ಗೊತ್ತುಪಡಿಸಿದ ಅವಧಿಯಲ್ಲಿ ಜನಪ್ರತಿನಿಧಿ ಕಾಯ್ದೆಯ 126ಎ ಕಲಮಿನಡಿ ಅದು ನಿಷಿದ್ಧ, ಎರಡು ವರ್ಷದವರೆಗೆ ಶಿಕ್ಷೆ ಇದೆ. ಗೆಳೆಯರ ಗುಂಪಿಗೆ ಕಳಿಸಿದರೂ ಹಂಚಿದಂತೆಯೇ. ಎಲ್ಲ ಹಂತಗಳ ಮತದಾನ ಮುಗಿದ ಮೇಲೆ ಮನೆಗೆ ಹೋಗಿ ಕೇಳಿ. ಮತಗಟ್ಟೆಯ ಮತದಾರರ ಪಟ್ಟಿ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಸಿಗುತ್ತದೆ. ಪಟ್ಟಿಯಲ್ಲಿ 1,000 ಹೆಸರಿದ್ದು 20 ಜನ ಬೇಕೆಂದರೆ 50ಕ್ಕೊಬ್ಬರು. 1ರಿಂದ 50ರೊಳಗೆ ಚೀಟಿ ಎತ್ತಿ, 17 ಬಂದರೆ 17, 67, 117 ಹೀಗೆ ಹೋಗಿ. ಅವರು ಮನೆಯಲ್ಲಿಲ್ಲದಿದ್ದರೆ ಇನ್ನೊಮ್ಮೆ ಹೋಗಿ, ಪಕ್ಕದ ಮನೆಯವರನ್ನು ಸೇರಿಸಿಕೊಳ್ಳಬೇಡಿ. ಸೇರಿಸಿಕೊಂಡರೆ ಹಗಲು ಮನೆಯಲ್ಲಿ ಸಿಗುವವರೇ ತುಂಬಿಕೊಂಡು, ಕೂಲಿಗೆ ಹೋದವರು ಲೆಕ್ಕದಿಂದ ಬಿದ್ದುಹೋಗುತ್ತಾರೆ. ಮತದ ಪ್ರಶ್ನೆಗೆ ಬಾಯಿಮಾತಿನ ಉತ್ತರ ಕೇಳದೆ ಚೀಟಿ, ಮುಚ್ಚಿದ ಡಬ್ಬಿ ಕೊಡಿ. 100 ಜನರ ಸಮೀಕ್ಷೆಯಲ್ಲಿ ಶೇ 10ರಷ್ಟು, 400 ಜನರದ್ದರಲ್ಲಿ ಶೇ 5ರಷ್ಟು ಅಂಕ ಆಚೀಚೆ ಆಗುತ್ತದೆ. ಎರಡು ಪಕ್ಷಗಳ ನಡುವೆ 4 ಅಂಕದ ಅಂತರ ಬಂದರೆ ಅದನ್ನು ಮುನ್ನಡೆ ಎನ್ನಬೇಡಿ.

ನಮ್ಮೂರಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಿಟ್ಟರೆ ಬೇರೇನಿಲ್ಲ. ಅದು ಅಧ್ಯಯನಕ್ಕೆ ಬರುತ್ತದೆಯೇ?
— ವಿದ್ಯಾರ್ಥಿನಿ, ಕೊಪ್ಪಳ

ಧಾರಾಳವಾಗಿ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಟಿ.ವಿ. ಜಾಹೀರಾತು ಇಲ್ಲ, ಇರುವುದು ಮನೆಬಾಗಿಲ ಮಾತು, ಕಟ್ಟೆಯ ಮಾತು, ಕೈಚೀಟಿ, ಮೊಬೈಲಿನ ಆಡಿಯೊ. ಮಾಧ್ಯಮದ ಮಾತು ಊರಿನ ನಂಬಿಕಸ್ಥರ ಮೂಲಕ ಉಳಿದವರಿಗೆ ದಾಟುತ್ತದೆ ಎಂಬ ವಿಚಾರ ಹುಟ್ಟಿದ್ದೇ 1940ರಲ್ಲಿ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಅಮೆರಿಕದ ಒಹಾಯೊ ರಾಜ್ಯದ ಒಂದು ಕೌಂಟಿಯಲ್ಲಿ ನಡೆಸಿದ ಅಧ್ಯಯನದಿಂದ. ಒಂದು ವಾರ್ಡ್ ಹಿಡಿಯಿರಿ. ಒಪ್ಪಿದ 15 ಮನೆಗಳಿಗೆ ಒಂದೊಂದು ನೋಟುಪುಸ್ತಕ ಕೊಡಿ. ಮನೆಗೆ ಯಾರು ಬಂದರು, ಎಷ್ಟು ಹೊತ್ತು, ಮನೆಯ ಗಂಡಸರ ಹತ್ತಿರ ಮಾತಾಡಿದರೋ ಹೆಂಗಸರ ಹತ್ತಿರವೋ, ಏನು ಕೇಳಿದರು ಎಂಬ ನಾಲ್ಕೇ ಅಂಕಣ. ಓದು ಬಾರದ ಮನೆಯಲ್ಲಿ ಎರಡು ದಿನಕ್ಕೊಮ್ಮೆ ನೀವೇ ಹೋಗಿ ಕೇಳಿ ತುಂಬಿ. ಅಭ್ಯರ್ಥಿಯ ಹತ್ತಿರದ ನೆಂಟರ ಮನೆಯನ್ನು ಪಟ್ಟಿಗೆ ಸೇರಿಸಬೇಡಿ. ಎಣಿಕೆ ಮುಗಿಯುವ ತನಕ ಆ ಪುಸ್ತಕಗಳನ್ನು ಯಾರಿಗೂ ತೋರಿಸಬೇಡಿ.