20 ಅಡಿ ಪೈಪ್ ಅನ್ನುವುದು ಪೂರ್ತಿ 20 ಅಡಿ ಇರುವುದಿಲ್ಲ

ಮೂಡಿಗೆರೆಯ ಕಾಫಿ ಕಣದ ಶೆಡ್‌ಗೆ 8 ಅಡಿಯ 6, 6 ಅಡಿಯ 7, 5 ಅಡಿಯ 8 ತುಂಡು ಬೇಕು, 8 ಪೈಪ್ ಸಾಕಾ ಅಂತ ಕೇಳಿದ್ದೀರಿ. ಒಂದೊಂದು ಅಳತೆಗೆ ಬೇರೆ ಬೇರೆ ಪೈಪ್ ಹಿಡಿದರೆ 9 ಬೇಕು. ಅಂಗಡಿಯಲ್ಲಿ 20 ಅಡಿ ಅಂದರೂ ಸಿಗುವುದು 6 ಮೀಟರ್, ಅಂದರೆ 19 ಅಡಿ 8 ಇಂಚು. ಅದರಲ್ಲಿ 5 ಅಡಿಯದು ಮೂರೇ ಬರುತ್ತದೆ, ನಾಲ್ಕಲ್ಲ. ನಾನೂ ಕೊಟ್ಟಿಗೆ ಕಟ್ಟುವಾಗ ಹೀಗೇ ಎಡವಿ, ಸಂಜೆ ಇನ್ನೊಂದು ಪೈಪಿಗೆ ಹಾಸನಕ್ಕೆ ಓಡಿದ್ದೆ.

ಅಳತೆ ಬೆರೆಸಿ ಕತ್ತರಿಸಿ. ಒಂದು ಪೈಪಿನಲ್ಲಿ 8, 6, 5 ಸೇರಿದರೆ 19 ಅಡಿ. ಹೀಗೆ 6 ಪೈಪ್. ಉಳಿದ ಒಂದು 6, ಎರಡು 5 ಏಳನೆಯದರಲ್ಲಿ. ಒಟ್ಟು 7 ಸಾಕು. ಬ್ಲೇಡ್ ಪ್ರತಿ ಕಟ್‌ಗೆ ಸುಮಾರು 3 ಮಿಲಿಮೀಟರ್ ತಿಂದರೂ ಜಾಗ ಇದೆ. ಕೊನೆಗೆ ಮೂರೂವರೆ ಅಡಿ ತುಂಡು ಮಿಗುತ್ತದೆ. ಸುಮ್ನೆ ಗುಜರಿಗೆ ಹಾಕಬೇಡಿ, ಮೂಲೆಗೆ ಸಪೋರ್ಟ್ ಕೊಡಲು ಆಗುತ್ತದೆ.