ಹಳೆಯ ಉನಿಮಾಗ್‌ನ ಸಸ್ಪೆನ್ಷನ್ ಸೀಟಿಗೆ ಬಿಡಿಭಾಗ ಎಲ್ಲಿ ಹುಡುಕಬೇಕು?

ನಿಮ್ಮದು 1970ರ ದಶಕದ ಉನಿಮಾಗ್ 406, ಮರ್ಸಿಡಿಸ್-ಬೆಂಜ್‌ನ ಲಾರಿ. ಗುಂಡಿ ಸಿಕ್ಕಾಗಲೆಲ್ಲ ಡ್ರೈವರ್ ಸೀಟ್ ಧಡ್ ಅಂತ ತಳ ಹೊಡೆಯುತ್ತದೆ, ಕೂರುವವರ ತೂಕಕ್ಕೆ ಹೊಂದಿಸುವ ನಾಬ್ ಪೂರ್ತಿ ತಿರುಗಿಸಿದರೂ ವ್ಯತ್ಯಾಸವಿಲ್ಲ, ಗಾಡಿಯ ಬಿಡಿಭಾಗ ಮಾರುವವರು ಕೈಚೆಲ್ಲಿದ್ದಾರೆ. ಇಷ್ಟು ಅರ್ಥವಾಯಿತು.

ಮೊದಲು ಗಾಡಿಯ ಹೆಸರಲ್ಲಿ ಹುಡುಕುವುದನ್ನು ಬಿಡಿ. ಸಸ್ಪೆನ್ಷನ್ ಸೀಟುಗಳು (ಗುಂಡಿಯ ಹೊಡೆತ ತಡೆಯಲು ಸ್ಪ್ರಿಂಗ್ ಮೇಲೆ ಕೂರಿಸಿದವು) ಸಾಮಾನ್ಯವಾಗಿ ಸೀಟ್ ಕಂಪನಿಗಳಿಂದಲೇ ಬರುತ್ತವೆ. ಜರ್ಮನಿಯ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳು ಗ್ರಾಮರ್ ಮತ್ತು ಇಸ್ರಿಂಗ್‌ಹೌಸೆನ್ (ಸೀಟಿನ ಮೇಲೆ 'ಇಸ್ರಿ' ಎಂದಿರುತ್ತದೆ). ಇವರು ಟ್ರ್ಯಾಕ್ಟರ್, ಲಾರಿ, ಫೋರ್ಕ್‌ಲಿಫ್ಟ್‌ಗಳಿಗೂ ಸೀಟ್ ಕೊಟ್ಟವರು. ಹಾಗಾಗಿ ಹಳೆ ಟ್ರ್ಯಾಕ್ಟರ್ ಬಿಡಿಭಾಗ ಮಾರುವವರ ಹತ್ತಿರ ನಿಮ್ಮ ಡ್ಯಾಂಪರ್ (ಸೀಟಿನ ಕುಣಿತ ತಡೆಯುವ ಎಣ್ಣೆಯ ಕೊಳವೆ) ಸಿಗುವ ಸಾಧ್ಯತೆ ಉನಿಮಾಗ್ ಅಂಗಡಿಗಿಂತ ಹೆಚ್ಚು. ತಯಾರಕರ ಹೆಸರಿನ ತಗಡು ಅಥವಾ ಸ್ಟಿಕ್ಕರ್ ಸೀಟಿನ ತಳದಲ್ಲಿ, ಬೆನ್ನಿನ ಹಿಂಭಾಗದ ಕೆಳಗೆ, ಇಲ್ಲವೇ ಬೆಲ್ಲೋಸ್ (ಸೀಟಿನ ಕೆಳಗಿನ ಮಡಿಕೆ ಹೊದಿಕೆ) ಒಳಗಿನ, ಕತ್ತರಿಯಂತೆ ಮಡಚುವ ಫ್ರೇಮಿನ ಮೇಲೆ ಇರುತ್ತದೆ. ಗ್ರೀಸ್, ಕೆಸರು ಸೇರಿ ಗಟ್ಟಿಯಾಗಿದ್ದರೆ ಸೀಮೆಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ವೈರ್ ಬ್ರಷ್ ಬೇಡ, ಅಕ್ಷರವೇ ಹೋಗುತ್ತದೆ.

ಏನೂ ಕೊಳ್ಳುವ ಮೊದಲು ಕೆಟ್ಟಿರುವುದು ಯಾವುದು ಅಂತ ತಿಳಿಯಿರಿ. ಸೀಟನ್ನು ಕೈಯಲ್ಲಿ ಜೋರಾಗಿ ಒತ್ತಿ ಬಿಡಿ. ಮೇಲೆ ಬಂದು ಒಂದೇ ಸಲಕ್ಕೆ ನಿಂತರೆ ಡ್ಯಾಂಪರ್ ಸರಿ ಇದೆ. ಎರಡು ಮೂರು ಸಲ ಕುಣಿದರೆ ಹೋಗಿದೆ. ನಾಬ್ ತಿರುಗುತ್ತಿದ್ದರೂ ಸ್ಪ್ರಿಂಗ್ ಎಳೆಯುವುದು ಕಾಣದಿದ್ದರೆ ಸ್ಪಿಂಡಲ್ (ನಾಬ್ ಜೊತೆ ತಿರುಗುವ ಥ್ರೆಡ್ ಕಡ್ಡಿ) ಮೇಲಿನ ನಟ್‌ನ ಥ್ರೆಡ್ ಸವೆದಿದೆ. ಸ್ಪ್ರಿಂಗ್ ಎಳೆದರೂ ಸೀಟ್ ತಳ ಹೊಡೆದರೆ ಸ್ಪ್ರಿಂಗ್ ಸೋತಿದೆ. ಅಕ್ಕಪಕ್ಕ ಅಲ್ಲಾಡಿದರೆ ಕತ್ತರಿಯ ಕೀಲಿನ ಪಿನ್ ಮತ್ತು ಅದು ಕೂರುವ ಬುಷ್, ಕಟಕಟ ಎಂದರೆ ಚಾನೆಲ್ (ತಗಡಿನ ಗಾಡಿ) ಒಳಗೆ ಓಡುವ ರೋಲರ್. ನೀವು ಹೇಳಿದ್ದಕ್ಕೆ ನಟ್ ಅಥವಾ ಸ್ಪ್ರಿಂಗ್ ಮೇಲೆ ನನ್ನ ಅನುಮಾನ, ಡ್ಯಾಂಪರ್ ಮೇಲೆ ಅಷ್ಟಿಲ್ಲ. ಡ್ಯಾಂಪರ್ ಭಾರ ಹೊರುವುದಿಲ್ಲ, ಕುಣಿತ ತಡೆಯುತ್ತದೆ ಅಷ್ಟೆ.

ಬಿಚ್ಚುವ ಮೊದಲು ನಾಬ್ ಅನ್ನು ಅತಿ ಕಡಿಮೆ ತೂಕಕ್ಕೆ ತನ್ನಿ, ಕತ್ತರಿ ಮಡಚಿಕೊಳ್ಳದಂತೆ ಮಧ್ಯೆ ಮರದ ತುಂಡು ಕೊಡಿ. ಎಳೆತದಲ್ಲಿರುವ ಸ್ಪ್ರಿಂಗ್ ಕೊಕ್ಕೆ ತಪ್ಪಿದರೆ ಬೆರಳು ಉಳಿಯುವುದಿಲ್ಲ.

ಸ್ಪ್ರಿಂಗ್ ವಿಷಯದಲ್ಲಿ ಹೊಸದು ಹುಡುಕಿಕೊಂಡು ಅಲೆಯಬೇಡಿ, ಮಾಡಿಸಿ. ಸ್ಪ್ರಿಂಗ್ ಸುತ್ತುವವರಿಗೆ ಬೇಕಾದ್ದು ತಂತಿಯ ದಪ್ಪ, ಹೊರವ್ಯಾಸ, ಸುತ್ತುಗಳ ಸಂಖ್ಯೆ, ಕೊಕ್ಕೆಯ ಒಳಗಿನಿಂದ ಒಳಗಿನವರೆಗಿನ ಉದ್ದ, ಎರಡು ಕೊಕ್ಕೆಗಳು ಯಾವ ದಿಕ್ಕಿಗಿವೆ ಎಂಬುದು. ತಂತಿಯ ದಪ್ಪ ಅಳೆಯುವಾಗ ಬಣ್ಣ ಕೆರೆದು ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಇಡಿ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ. 5 ಮಿ.ಮೀ. ತಂತಿಯನ್ನು ಬಣ್ಣ ಸೇರಿಸಿ 5.2 ಅಂತ ಬರೆದುಕೊಟ್ಟರೆ ಸ್ಪ್ರಿಂಗ್ ಸುಮಾರು 17% ಬಿರುಸಾಗುತ್ತದೆ. 'ಇರಲಿ, ಗಟ್ಟಿ ಇರಲಿ' ಅಂತ 5.5 ಹಾಕಿಸಿದರೆ 46%. ಆಮೇಲೆ ಅದು ಸಸ್ಪೆನ್ಷನ್ ಸೀಟಲ್ಲ, ಮರದ ಮಣೆ.

ಉದ್ದ ಅಳೆಯುವಾಗ ಹಳೆಯ ಸ್ಪ್ರಿಂಗನ್ನು ಕಣ್ಣುಮುಚ್ಚಿ ನಂಬಬೇಡಿ. ಎಳೆತದ ಸ್ಪ್ರಿಂಗುಗಳು ಸಾಮಾನ್ಯವಾಗಿ ಒತ್ತಾಗಿ ಸುತ್ತಿದವು, ಬಿಚ್ಚಿಟ್ಟಾಗ ಸುತ್ತುಗಳು ಒಂದಕ್ಕೊಂದು ತಾಗಿರಬೇಕು. ನಡುವೆ ಬೆಳಕು ಕಂಡರೆ ಅದು ಹಿಗ್ಗಿದೆ. ಕೊಕ್ಕೆ ಬಿಟ್ಟು ಬರೀ ಸುತ್ತುಗಳ ಉದ್ದದ ಲೆಕ್ಕ ಸುಲಭ: ಸುತ್ತುಗಳಿಗೆ ಒಂದು ಸೇರಿಸಿ ತಂತಿಯ ದಪ್ಪದಿಂದ ಗುಣಿಸಿ. 5 ಮಿ.ಮೀ. ತಂತಿಯ 30 ಸುತ್ತು ಎಂದರೆ 155 ಮಿ.ಮೀ. ನಿಮ್ಮದು 163 ಬಂದರೆ 8 ಮಿ.ಮೀ. ಹಿಗ್ಗಿದೆ, ಹೊಸದಕ್ಕೆ 155ರ ಲೆಕ್ಕವನ್ನೇ ಕೊಡಿ. ಹಿಗ್ಗಿದ ಸ್ಪ್ರಿಂಗಿನ ಬಿಗಿ ಬಹುತೇಕ ಹಾಗೇ ಇರುತ್ತದೆ, ಆದ್ದರಿಂದ ಅದನ್ನೇ ನೇತುಹಾಕಿ ಅಳೆಯಬಹುದು: ಮೊದಲು 20 ಕೆ.ಜಿ., ಆಮೇಲೆ 40 ಕೆ.ಜಿ. ತೂಗಿಸಿ ಎರಡರ ಉದ್ದದ ವ್ಯತ್ಯಾಸ ನೋಡಿ. 25 ಮಿ.ಮೀ. ವ್ಯತ್ಯಾಸ ಬಂದರೆ ಮಿ.ಮೀ.ಗೆ 0.8 ಕೆ.ಜಿ. ಈ ಸಂಖ್ಯೆಯನ್ನೂ ಬರೆದುಕೊಟ್ಟರೆ ಸುತ್ತುವವರು ತಪ್ಪಿದ್ದು ಕೂಡಲೇ ಗೊತ್ತಾಗುತ್ತದೆ. ಎರಡು ಸ್ಪ್ರಿಂಗ್ ಇದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ, ಇಲ್ಲದಿದ್ದರೆ ಕತ್ತರಿ ಓರೆಯಾಗಿ ಎಳೆದು ಬುಷ್ ತಿನ್ನುತ್ತದೆ.

ಡ್ಯಾಂಪರ್‌ಗೆ ಅಳತೆಗಳು ಹೀಗೆ: ಪೂರ್ತಿ ಹಿಗ್ಗಿದಾಗ ಮತ್ತು ಪೂರ್ತಿ ಕುಗ್ಗಿದಾಗ ಕಣ್ಣಿನಿಂದ ಕಣ್ಣಿಗೆ (ಎರಡು ತುದಿಯ ಬೋಲ್ಟ್ ಬಳೆಗಳ ನಡುವಿನ) ಉದ್ದ, ಕಣ್ಣಿನ ಒಳವ್ಯಾಸ, ಬುಷ್ ಅಗಲ. ಹೊಸ ಡ್ಯಾಂಪರಿನ ಓಟ (ಹಿಗ್ಗಿದಾಗಿನ ಮತ್ತು ಕುಗ್ಗಿದಾಗಿನ ಉದ್ದದ ವ್ಯತ್ಯಾಸ) ಹಳೆಯದಕ್ಕಿಂತ ಕಡಿಮೆ ಇರಬಾರದು. ಇದ್ದರೆ ಸೀಟ್ ರಬ್ಬರ್ ಸ್ಟಾಪ್ ಮುಟ್ಟುವ ಮೊದಲೇ ಡ್ಯಾಂಪರ್ ಒಳಗೇ ತಳ ಹೊಡೆದು ರಾಡ್ ಬಾಗುತ್ತದೆ. ಬಹಳ ಜನ ಮೋಸ ಹೋಗುವುದು ಗ್ಯಾಸ್ ಸ್ಟ್ರಟ್ ವಿಷಯದಲ್ಲಿ. ಡಿಕ್ಕಿ ಬಾಗಿಲು ಎತ್ತುವ ಸ್ಟ್ರಟ್ ನೋಡಲು ಹಾಗೇ ಇರುತ್ತದೆ. ರಾಡನ್ನು ಒಳಗೆ ಒತ್ತಿ ಕೈಬಿಡಿ: ತಾನಾಗಿ ಜೋರಾಗಿ ಹೊರಬಂದರೆ ಅದು ಗ್ಯಾಸ್ ಸ್ಟ್ರಟ್, ಒತ್ತಿದಲ್ಲೇ ನಿಂತರೆ ಎಣ್ಣೆಯ ಡ್ಯಾಂಪರ್. ಸ್ಟೀರಿಂಗ್ ಡ್ಯಾಂಪರ್ ಕೂಡ ಪರ್ಯಾಯವಲ್ಲ. ಅದು ಎರಡೂ ಕಡೆ ಸಮನಾಗಿ ತಡೆಯುತ್ತದೆ. ಸೀಟಿನದು ಸಾಮಾನ್ಯವಾಗಿ ಮೇಲೆ ಬರುವಾಗ ಹೆಚ್ಚು ತಡೆಯುತ್ತದೆ. ಹಳೆಯದು ಯಾವ ತುದಿ ಮೇಲಾಗಿ ಕೂತಿತ್ತೋ ಹಾಗೇ ಕೂರಿಸಿ, ಅದಕ್ಕೆ ಮೊದಲು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ ಗಾಳಿ ತೆಗೆಯಿರಿ.

ರೋಲರ್, ಬುಷ್, ನಟ್ ಇವನ್ನು ಯಾವ ಲೇತ್‌ನಲ್ಲಾದರೂ ಮಾಡಿಸಬಹುದು. ರೋಲರಿಗೆ ನೈಲಾನ್‌ಗಿಂತ ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್ ವಾಸಿ, ನೈಲಾನ್ ನೀರು ಹೀರಿ ಊದಿ ಚಾನೆಲ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಅಸಿಟಾಲ್‌ಗೂ ಚಾನೆಲ್‌ಗೂ 0.2ರಿಂದ 0.3 ಮಿ.ಮೀ. ಸಂದು ಬಿಡಿ. ಅಳತೆ ಹೊಂದಿತೆಂದು 6000-2ಆರ್‌ಎಸ್ ಬೇರಿಂಗ್ (10×26×8) ನೇರ ಕೂರಿಸುವವರಿದ್ದಾರೆ. ಸೀಟ್ ನಯವಾಗಿ ಓಡುತ್ತದೆ ನಿಜ, ಆದರೆ ಗಟ್ಟಿ ಉಕ್ಕಿನ ಹೊರವರ್ತುಲ ಮೆತ್ತನೆ ತಗಡಿನ ಚಾನೆಲ್ಲನ್ನು ಕೊರೆಯುತ್ತದೆ. ರೋಲರ್ ಇನ್ನೊಂದು ಮಾಡಿಸಬಹುದು, ಚಾನೆಲ್ ಆಗುವುದಿಲ್ಲ. ಪಿನ್ನಿನ ತೂತು ಮೊಟ್ಟೆಯಾಕಾರ ಆಗಿದ್ದರೆ ಬರೀ ದಪ್ಪ ಪಿನ್ ತುರುಕಬೇಡಿ. ತೂತನ್ನು ರೀಮ್ ಮಾಡಿ (ಕೊರೆದು ದುಂಡಾಗಿಸಿ) ಕಂಚಿನ ಬುಷ್ ಒತ್ತಿಸಿ. ಸ್ಪಿಂಡಲ್ ನಟ್ ಕೂಡ ಕಂಚಿನದೇ ಇರಲಿ, ಆಗ ಸವೆಯುವುದು ನಟ್, ಸ್ಪಿಂಡಲ್ ಉಳಿಯುತ್ತದೆ.

ಕುಶನ್ ಪುಡಿಯಾಗಿದ್ದರೆ ಘನಮೀಟರಿಗೆ 50–60 ಕೆ.ಜಿ. ಸಾಂದ್ರತೆಯ ಫೋಮ್, ಹಳೆಯದರಷ್ಟೇ ದಪ್ಪ. ರೆಕ್ಸಿನ್ ಹೊದಿಕೆಯ ಹಿಂಬದಿಗೆ ಗಾಳಿ ತೂತು ಬಿಡಿಸಿ, ಇಲ್ಲದಿದ್ದರೆ ಕೂತಾಗಲೆಲ್ಲ ಹೊಲಿಗೆ ಬಿಚ್ಚುತ್ತದೆ.

ಕತ್ತರಿ ಫ್ರೇಮೇ ಬಿರುಕು ಬಿಟ್ಟಿದ್ದರೆ ಮಾತ್ರ ಪೂರ್ತಿ ಸೀಟ್ ಹುಡುಕಿ. ತಳದ ಬೋಲ್ಟ್ ತೂತುಗಳ ಉದ್ದ-ಅಗಲದ ಅಂತರ ಮತ್ತು ಸೀಟ್ ಪೂರ್ತಿ ಕೆಳಗಿದ್ದಾಗಿನ ಎತ್ತರ ಕೇಳಿ ಖಚಿತಪಡಿಸಿಕೊಳ್ಳಿ. ಈಚಿನ ತಳಗಳು ಎತ್ತರ ಇದ್ದರೆ ಮೊಣಕಾಲು ಸ್ಟೀರಿಂಗಿಗೆ, ತಲೆ ಚಾವಣಿಗೆ ತಾಗುತ್ತದೆ. ಸ್ಪ್ರಿಂಗ್ ಬದಲು ಗಾಳಿಯ ಮೇಲೆ ನಿಲ್ಲುವ ಸೀಟಾದರೆ ಕಂಪ್ರೆಸರ್ 12 ವೋಲ್ಟೋ 24 ವೋಲ್ಟೋ ನೋಡಿ. ಬೆಲ್ಟ್ ಸೀಟಿಗೇ ಸೇರಿರುವ ಮಾದರಿಯಾಗಿದ್ದರೆ ಬಿರುಕಿಗೆ ಮನೆಯಲ್ಲಿ ವೆಲ್ಡ್ ಹಾಕಿ ಓಡಿಸಬೇಡಿ, ಡಿಕ್ಕಿಯಾದಾಗ ನಿಮ್ಮ ಇಡೀ ಭಾರ ಆ ಫ್ರೇಮಿನ ಮೇಲೇ ಬೀಳುತ್ತದೆ.