ವಾಟ್ಸಾಪ್ ಬ್ರಾಡ್‌ಕಾಸ್ಟಲ್ಲಿ (ಒಂದೇ ಮೆಸೇಜ್ ಎಲ್ರಿಗೂ ಬೇರೆಬೇರೆಯಾಗಿ ಕಳ್ಸೋ ಲಿಸ್ಟು) 200 ಜನ ಇದ್ರೂ ಉಪ್ಪಿನಕಾಯಿ ಮೆಸೇಜ್ ಅರ್ಧ ಜನಕ್ಕೂ ಹೋಗ್ತಿಲ್ಲ, ಯಾಕೆ?

ಅವ್ರ ಫೋನಲ್ಲಿ ನಿಮ್ ನಂಬರ್ ಸೇವ್ ಆಗಿಲ್ಲ ಅಷ್ಟೇ. ನೀವು ಅವ್ರ ನಂಬರ್ ಸೇವ್ ಮಾಡ್ಕೊಂಡಿದ್ರೆ ಸಾಕಾಗಲ್ಲ, ಬ್ರಾಡ್‌ಕಾಸ್ಟ್ ಮೆಸೇಜು ನಿಮ್ಮನ್ನ ಕಾಂಟ್ಯಾಕ್ಟಲ್ಲಿ ಇಟ್ಕೊಂಡೋರಿಗೆ ಮಾತ್ರ ತಲುಪೋದು, ಗುರುತಿಲ್ದೋರೆಲ್ಲ ಸಿಕ್ಕಸಿಕ್ಕೋರಿಗೆ ಜಾಹೀರಾತು ತುರುಕಬಾರ್ದು ಅಂತ ವಾಟ್ಸಾಪ್ನೋರೇ ಹಂಗೆ ಇಟ್ಟಿರೋದು. ಸಾಗರಕ್ಕೆ ಬಂದು ಜೋಗ ನೋಡ್ಕೊಂಡು ಹೋಗ್ತಾ ಒಂದು ಬಾಟ್ಲಿ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ ತಗೊಂಡೋರು ನಿಮ್ ನಂಬರ್ ಯಾಕೆ ಸೇವ್ ಮಾಡ್ತಾರೆ ಹೇಳಿ!

ನಮ್ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ರೂ ಮಲಗಿರತ್ತೆ, ಹಂಗಾಗಿ ಒಂದೇ ಟಿಕ್ ಕಂಡ್ರೆ ನೆಟ್‌ವರ್ಕ್ ಅಂದ್ಕೊಂಡು ಸುಮ್ನಾಗ್ಬಿಡ್ತೀವಿ. ಅದೇ ಗಿರಾಕಿಗೆ ಬೇರೆಯಾಗಿ ಒಂದು ಮೆಸೇಜ್ ಹಾಕಿ ನೋಡಿ, ಎರಡು ಟಿಕ್ ಬಂತು ಅಂದ್ರೆ ನೆಟ್‌ವರ್ಕಿನ ತಪ್ಪಲ್ಲ.

ಬಿಲ್ ಕೊಡುವಾಗ್ಲೇ "ನಂಬರ್ ಸೇವ್ ಮಾಡ್ಕೊಳಿ, ಹೊಸ ಮಿಡಿ ಬಂದಾಗ ಹೇಳ್ತೀವಿ" ಅಂತ ಕೇಳಿ, ಆಗ್ಲೇ ಅವ್ರ ಕೈಲಿ ಒಂದು ಹಾಯ್ ಹಾಕಿಸ್ಕೊಳಿ. ಗ್ರೂಪ್ ಮಾತ್ರ ಬೇಡ ಮಾರಾಯ್ರೆ, ಒಬ್ರ ನಂಬರ್ ಇನ್ನೊಬ್ರಿಗೆ ಕಾಣತ್ತೆ, ಆಮೇಲೆ ಗುಡ್ ಮಾರ್ನಿಂಗ್ ಹೂವಿನ ಕಾಟ ಬೇರೆ.